ಹೇಳೋದು ಮಗು, ಬೆರಳು ನಮ್ಮದು
ಮಳೆ ರಜೆಯಲ್ಲಿ ನಾಲ್ಕೈದು ವರ್ಷದ ಮಕ್ಕಳ ಜೊತೆ ಪಜಲ್ ಗೇಮ್ ಆಡೋರಿಗೆ ಒಂದು ಸಲಹೆ: ಸ್ಕ್ರೀನ್ ಮುಟ್ಟೋದು ನೀವು, ಎಲ್ಲಿ ಮುಟ್ಟಬೇಕು ಅಂತ ಹೇಳೋದು ಮಗು. ಹೇಳಿದ್ದು ತಪ್ಪು ಅಂತ ಗೊತ್ತಿದ್ದರೂ ಹಾಗೇ ಮಾಡಿ, ತಿದ್ದಬೇಡಿ. ಕೈಗೆ ಫೋನ್ ಕೊಟ್ಟರೆ ಮಕ್ಕಳು ಸಿಕ್ಕಸಿಕ್ಕಲ್ಲಿ ಒತ್ತುತ್ತಾರೆ. ಬಾಯಲ್ಲಿ ಹೇಳಬೇಕಾದಾಗ ಮೊದಲು ನೋಡಲೇಬೇಕು, "ಆ ಮೆಟ್ಟಿಲಿನ ಮೇಲೆ, ಅಲ್ಲಲ್ಲ, ಪಕ್ಕದ್ದು" ಅಂತ ಯೋಚಿಸಲೇಬೇಕು. ಇದಕ್ಕೆ ಸೋಲು, ಟೈಮರ್ ಎರಡೂ ಇಲ್ಲದ ಗೇಮೇ ಆಗಬೇಕು. 2014ರಲ್ಲಿ ಬಂದ 'ಮಾನ್ಯುಮೆಂಟ್ ವ್ಯಾಲಿ' ಚೆನ್ನಾಗಿ ಹೊಂದುತ್ತೆ. ಅದರಲ್ಲಿ ಇಡಾ ಅನ್ನೋ ಪುಟ್ಟ ರಾಜಕುಮಾರಿಯನ್ನು ನಡೆಸಬೇಕು. ಕಟ್ಟಡ ತಿರುಗಿಸಿದಾಗ, ಕಡಿದುಹೋದ ಹಾಗೆ ಕಾಣೋ ದಾರಿ ಕೂಡಿಕೊಳ್ಳುತ್ತೆ. ದಾರಿಗೆ ಅಡ್ಡ ಬರೋ ಕಾಗೆಗಳು ಕೂಗಾಡುತ್ತವೆ ಅಷ್ಟೇ, ಏನೂ ಮಾಡಲ್ಲ. ಹಾಗಾಗಿ ತಪ್ಪು ಹೇಳಿದರೂ ನಷ್ಟ ಇಲ್ಲ. ಒಂದು ವಿನಾಯಿತಿ: ಕಟ್ಟಡ ತಿರುಗಿಸೋ ಹಿಡಿಯನ್ನು (ಹ್ಯಾಂಡಲ್) ತಿರುಗಿಸೋ ಕೆಲಸ ಮಗುವಿಗೇ ಬಿಡಿ, ಅದರ ಮಜಾ ಕಸಿಯೋದು ನ್ಯಾಯ ಅಲ್ಲ! ಮೇಲೆ, ಕೆಳಗೆ, ಪಕ್ಕ ಅನ್ನೋದು ಇನ್ನೂ ಸರಿಯಾಗಿ ಬಾರದ ಚಿಕ್ಕ ಮಕ್ಕಳಲ್ಲಿ ಇದು ನಡೆಯಲ್ಲ, ಬೆರಳು ತೋರಿಸೋದಕ್ಕೆ ಬಿಡಿ, ಸಾಕು. ನಿದ್ದೆಗಣ್ಣಲ್ಲಂತೂ ಬೇಡವೇ ಬೇಡ. ಅಣ್ಣ ಅಕ್ಕ ಪಕ್ಕದಲ್ಲಿ ಕೂತಿದ್ದರೂ ಕಷ್ಟ, ಉತ್ತರ ಅವರೇ ಹೇಳಿಬಿಡ್ತಾರೆ. ಇನ್ನು ನಮ್ಮ ಕೊಡಗಿನ ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋ ಹಾಗಿಲ್ಲವಲ್ಲ, ಗೇಮ್ ಮೊದಲೇ ಡೌನ್‌ಲೋಡ್ ಮಾಡಿ, ಡೇಟಾ ಆಫ್ ಮಾಡಿ ಒಮ್ಮೆ ತೆರೆದು ನೋಡಿಟ್ಟುಕೊಳ್ಳಿ.