ಗಲ್ಫ್‌ನಿಂದ ಮೃತದೇಹ ಊರಿಗೆ ಕಳಿಸುವಾಗ ಕಾನ್ಸುಲೇಟ್ ಏನು ಮಾಡುತ್ತದೆ? ನನ್ನ ಅನುಭವ

ನಾನು ಶಾರ್ಜಾದಲ್ಲಿರುವವನು, ಊರು ಉಡುಪಿ ಕಡೆ. ಯುಎಇಯಲ್ಲಿ ನಮ್ಮವರು ಯಾರಾದರೂ ತೀರಿಕೊಂಡರೆ ಕಾಗದಪತ್ರಕ್ಕೆ ಓಡಾಡುವವರಲ್ಲಿ ನಾನೂ ಒಬ್ಬ. ಊರಿಂದ ಬರುವ ಫೋನಿನಲ್ಲಿ ಹೆಚ್ಚಾಗಿ ಒಂದೇ ಮಾತು: "ಅಣ್ಣಾ, ಎಂಬಸಿಯವರಿಗೆ ಹೇಳಿ ಇವತ್ತೇ ಕಳಿಸಿಕೊಡಿ."

ನಾನು ಮೊದಲು ಕೇಳುವುದು, ಸಾವು ಆದದ್ದು ಯಾವ ಊರಲ್ಲಿ ಅಂತ. ಊರಿನವರಿಗೆ ಇಲ್ಲಿರುವುದೆಲ್ಲಾ ದುಬೈ ಅಲ್ವಾ? ಆದರೆ ಭಾರತದ ರಾಯಭಾರ ಕಚೇರಿ ಇರುವುದು ರಾಜಧಾನಿ ಅಬುಧಾಬಿಯಲ್ಲಿ. ದುಬೈ, ಶಾರ್ಜಾ, ಅಜ್ಮಾನ್, ಫುಜೈರಾ ಕಡೆಯದನ್ನೆಲ್ಲ ದುಬೈನ ಕಾನ್ಸುಲೇಟ್, ಅಂದರೆ ಭಾರತ ಸರ್ಕಾರದ ಇನ್ನೊಂದು ಕಚೇರಿ, ನೋಡಿಕೊಳ್ಳುತ್ತದೆ. ಅಬುಧಾಬಿಗೆ ಸೇರಿದ ಅಲ್ ಐನ್ ಪಟ್ಟಣದಲ್ಲಿ ಆದರೆ ಅಬುಧಾಬಿಗೇ ಹೋಗಬೇಕು.

ಎರಡನೆಯದು ಮನೆಯವರಿಗೆ ಹೇಳುವುದು ಕಷ್ಟ. ಇಲ್ಲಿನ ಪೊಲೀಸರಿಗೆ, ಆಸ್ಪತ್ರೆಗೆ ನಮ್ಮ ಅಧಿಕಾರಿಗಳು ಅಪ್ಪಣೆ ಕೊಡುವ ಹಾಗಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ, ಸಾವಿನ ಸುದ್ದಿಯನ್ನು ತೀರಿಕೊಂಡವನ ದೇಶದ ಕಾನ್ಸುಲೇಟ್‌ಗೆ ತಿಳಿಸುವುದು ಇಲ್ಲಿನ ಸರ್ಕಾರದ ಕರ್ತವ್ಯ. ಹಾಗೆಯೇ ಇಲ್ಲಿನ ಕಾನೂನಿಗೆ ತಲೆಬಾಗುವುದು ಕಾನ್ಸುಲೇಟ್‌ನ ಕರ್ತವ್ಯ. ರೂಮಿನಲ್ಲಿ ಮಲಗಿದ್ದಲ್ಲೇ ಜೀವ ಹೋಗಿದ್ದರೆ ಪೊಲೀಸ್ ತನಿಖೆ ಮುಗಿಯಬೇಕು. ಅದನ್ನು ಯಾವ ರಾಯಭಾರಿಯೂ ತಪ್ಪಿಸಲಾರರು.

ಪೊಲೀಸರ ಪತ್ರ ಮತ್ತು ಮರಣ ಪ್ರಮಾಣಪತ್ರ ಕೈಗೆ ಬಂದಮೇಲೆ ಕಾನ್ಸುಲೇಟ್ ಕೆಲಸ ಶುರು. ಅವರು ಸಾವನ್ನು ದಾಖಲಿಸುತ್ತಾರೆ, ಪಾಸ್‌ಪೋರ್ಟ್ ರದ್ದು ಮಾಡುತ್ತಾರೆ, ದೇಹ ಸಾಗಿಸಲು ಎನ್‌ಓಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ, ಕೊಡುತ್ತಾರೆ. ಇದಕ್ಕೆ ಮನೆಯವರ ಒಪ್ಪಿಗೆ ಪತ್ರ ಬೇಕು. ನಾನು ಕಂಡಂತೆ ತಡವಾಗುವುದು ಇಲ್ಲೇ. ಹೆಂಡತಿ ದುಃಖದಲ್ಲಿರುತ್ತಾರೆ, ಅಣ್ಣ ಒಂದು ಹೇಳುತ್ತಾನೆ, ಮಾವ ಇನ್ನೊಂದು. ಹಾಗಾಗಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ ಅನ್ನುತ್ತೇನೆ. ಯಾರ ಹೆಸರಿಗೆ ಕಳಿಸಬೇಕು, ಮಂಗಳೂರಿಗೋ ಬೆಂಗಳೂರಿಗೋ, ಎಲ್ಲವನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳುತ್ತೇನೆ. ಆಮೇಲೆ ದೇಹ ಕೆಡದಂತೆ ಮಾಡುವ ಎಂಬಾಮಿಂಗ್, ಪೆಟ್ಟಿಗೆ, ವಿಮಾನದ ಕಾರ್ಗೋ. ಊರಿನ ವಿಮಾನ ನಿಲ್ದಾಣದಲ್ಲಿ ಆರೋಗ್ಯ ಇಲಾಖೆಯ ಅನುಮತಿಯೂ ಬೇಕು. ಅದಕ್ಕೆ 2023ರಿಂದ ಇ-ಕೇರ್ ಅನ್ನೋ ಪೋರ್ಟಲ್ ಇದೆ.

ಖರ್ಚಿನ ಮಾತು ಬಂದಾಗ ಮನೆಯವರು ಸಾಲಕ್ಕೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಪನಿಯಲ್ಲಿ ಕೆಲಸದಲ್ಲಿದ್ದವನ ದೇಹವನ್ನು ಊರಿಗೆ ಕಳಿಸುವ ಖರ್ಚು ಕಂಪನಿಯದು, ಯುಎಇ ಕಾರ್ಮಿಕ ಕಾನೂನೇ ಹಾಗೆ ಹೇಳುತ್ತದೆ. ಒಮ್ಮೆ ಒಂದು ಕಂಪನಿಯವರು ಕೈ ಎತ್ತಿಬಿಟ್ಟಿದ್ದರು. ಕಾನ್ಸುಲೇಟ್‌ನ ಕಾರ್ಮಿಕ ವಿಭಾಗದಿಂದ ಒಂದು ಫೋನ್ ಹೋದಮೇಲೆ ಟಿಕೆಟ್ ಬಂತು. ಕೇಳುವವರು ಯಾರೂ ಇಲ್ಲದಿದ್ದರೆ, ವೀಸಾನೂ ಮುಗಿದಿದ್ದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. 2009ರಲ್ಲಿ ಶುರುವಾದದ್ದು. ನಾವು ಪಾಸ್‌ಪೋರ್ಟ್ ನವೀಕರಿಸುವಾಗ ಕಟ್ಟುವ ಹಣದಲ್ಲಿ ಒಂದು ಪುಟ್ಟ ಪಾಲು ಅದಕ್ಕೇ ಹೋಗುತ್ತದೆ. ಅದು ನಮ್ಮೆಲ್ಲರ ದುಡ್ಡು, ಕೇಳುವುದಕ್ಕೆ ಸಂಕೋಚ ಬೇಡ.

ಎಂಬಸಿಯವರು ಏನೂ ಮಾಡಲ್ಲ ಅನ್ನುವವರು ಬಹಳ. ನಾನು ಒಪ್ಪುವುದಿಲ್ಲ. ರಜೆಯ ದಿನವೂ ಸಾವಿನ ಕಾಗದಕ್ಕಾಗಿ ಬಂದು ಕೂತ ಸಿಬ್ಬಂದಿಯನ್ನು ನೋಡಿದ್ದೇನೆ.

ಅಂತ್ಯಕ್ರಿಯೆ ಆದಮೇಲೆ ಎಷ್ಟೋ ಮನೆಯವರು ಸುಮ್ಮನಾಗಿಬಿಡುತ್ತಾರೆ. ಬಾಕಿ ಸಂಬಳ, ಗ್ರಾಚುಯಿಟಿ ಬರಬೇಕಾದರೆ ವಾರಸುದಾರರ ಪತ್ರ ಬೇಕು. ಒಂದೇ ಮೊಹರಿನಿಂದ ಕಾಗದಪತ್ರ ಬೇರೆ ದೇಶದಲ್ಲೂ ನಡೆಯುವಂತೆ ಮಾಡುವ ಅಪೋಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ಆ ಪತ್ರಕ್ಕೆ ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಯುಎಇ ಕಚೇರಿ, ಹೀಗೆ ಒಂದರ ಮೇಲೊಂದು ಮೊಹರು ಬೀಳಬೇಕು. ತಿಥಿ ಮುಗಿದ ಕೂಡಲೇ ಶುರುಮಾಡಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು) ಇದ್ದವನಾದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಇದೆಯಾ ಅಂತ ಹುಡುಕಿ. ಅಪಘಾತದ ಸಾವಾದರೆ ಅದರಲ್ಲಿ 10 ಲಕ್ಷ ರೂಪಾಯಿ ಪರಿಹಾರವಿದೆ. ಎಷ್ಟೋ ಹೆಂಡತಿಯರಿಗೆ ಅಂಥದ್ದೊಂದು ಪಾಲಿಸಿ ಇರುವುದೇ ಗೊತ್ತಿರುವುದಿಲ್ಲ.