ಫಾರ್ಮ್ಯಾಟ್ ಹೊಡೆಯದೆ ಎಬ್ಬಿಸಿದ ವಿಂಡೋಸ್: ನನ್ನ ಅನುಭವ

ಸ್ಟಾರ್ಟಪ್ ರಿಪೇರಿ ಕೈಕೊಟ್ಟು, ಸಿಸ್ಟಮ್ ರಿಸ್ಟೋರ್ ಕೈಕೊಟ್ಟು, ಕೊನೆಗೆ ರೀಸೆಟ್ ಕೂಡ ಅರ್ಧಕ್ಕೆ ನಿಂತರೆ ಕಂಪ್ಯೂಟರ್ ರಿಪೇರಿಯ ನಮ್ಮ ಲೈನಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಡೇಟಾ ತೆಗೆದಿಟ್ಟು ಫಾರ್ಮ್ಯಾಟ್ ಹೊಡೆಯಿರಿ. ಶಿವಮೊಗ್ಗದ ಒಂದು ಮುದ್ರಣಾಲಯದ ಯಂತ್ರ ನನ್ನ ಬಳಿಗೆ ಬಂದಾಗಲೂ ಗೆಳೆಯರೆಲ್ಲ ಅದನ್ನೇ ಹೇಳಿದರು. ಒಬ್ಬರಂತೂ ಅದು ಎದ್ದರೆ ತಮ್ಮ ಅಂಗಡಿಯ ಬೋರ್ಡನ್ನೇ ಇಳಿಸುತ್ತೇನೆ ಎಂದಿದ್ದರು. ಯಂತ್ರ ಎದ್ದಿದೆ, ಅದೇ ವಿಂಡೋಸ್ 10ರಲ್ಲಿ ದಿನವೂ ಕೆಲಸ ಮಾಡುತ್ತಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಫಾರ್ಮ್ಯಾಟ್ ಏಕೆ ಬೇಡವಾಗಿತ್ತು ಎಂಬುದು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ಪುಟ ಜೋಡಿಸುವ ಪೇಜ್‌ಮೇಕರ್ 7, ಜೊತೆಗೆ ಯೂನಿಕೋಡ್‌ಗಿಂತ (ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತ) ಹಿಂದಿನ ಕಾಲದ ಕನ್ನಡ ಫಾಂಟ್ ತಂತ್ರಾಂಶ. ಅದರ ಲೈಸೆನ್ಸ್ ಆ ವಿಂಡೋಸ್‌ಗೇ ಕಟ್ಟಿಕೊಂಡಿತ್ತು, ಮಾರಿದವರು ಅಂಗಡಿ ಮುಚ್ಚಿ ವರ್ಷಗಳೇ ಆಗಿವೆ. ಆ ಫಾಂಟ್ ಇಲ್ಲದಿದ್ದರೆ ಹತ್ತು ಹದಿನೈದು ವರ್ಷಗಳ ಲಗ್ನಪತ್ರಿಕೆ, ರಸೀದಿ ಪುಸ್ತಕ, ದೇವಸ್ಥಾನದ ಕರಪತ್ರ ಎಲ್ಲವೂ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. "ಡೇಟಾ ಕೊಟ್ಟರೆ ಸಾಲದಪ್ಪಾ, ಅದನ್ನು ತೆರೆಯುವುದಕ್ಕೆ ಆಗಬೇಕು" ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು. ಬೆಂಗಳೂರಿನ ಒಂದು ಡೇಟಾ ರಿಕವರಿ ಸಂಸ್ಥೆ ಹದಿನೆಂಟು ಸಾವಿರದ ಆಸುಪಾಸು ಕೇಳಿತ್ತಂತೆ, ಅದೂ ಫೈಲುಗಳಿಗೆ ಮಾತ್ರ.

ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಗಿತ್ತು. ಯುಪಿಎಸ್‌ನ ಬ್ಯಾಟರಿ ಸತ್ತಿತ್ತು. ಆಮೇಲೆ ಪ್ರತಿ ಸಲವೂ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, ಅಂದರೆ ವಿಂಡೋಸ್ ಇರುವ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂದು. ಅದರ ಹಿಂದೆಯೇ ರಿಪೇರಿಯ ಪರದೆ, ಮತ್ತೆ ನೀಲಿ.

ಇಲ್ಲಿ ನನ್ನ ಹಟ ಒಂದೇ: ಮೂಲ ಡಿಸ್ಕ್‌ನ ಮೇಲೆ ಏನನ್ನೂ ಮಾಡಬಾರದು. ಡಿಸ್ಕ್‌ನ ತಪ್ಪುಗಳನ್ನು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಕೂಡ ಕೂಡದು. ಸಾಯುತ್ತಿರುವ ಹಾರ್ಡ್ ಡಿಸ್ಕ್‌ಗೆ ಚೆಕ್‌ಡಿಸ್ಕ್ ಕೊಟ್ಟು, ಮರುದಿನ ಅದು ಬಯೋಸ್‌ನಲ್ಲೂ ಕಾಣಿಸದೆ ಹೋದದ್ದನ್ನು ಬೇರೆಯವರ ಅಂಗಡಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಮೊದಲು ಲಿನಕ್ಸ್ ಪೆನ್‌ಡ್ರೈವ್ ಹಾಕಿ, ಕೆಟ್ಟ ಡಿಸ್ಕ್‌ನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶದಿಂದ ಹೊಸ ಎಸ್‌ಎಸ್‌ಡಿಗೆ ಪೂರ್ತಿ ಪ್ರತಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ದಾಟಿಸಿ, ಎರಡನೆಯ ಸುತ್ತಿನಲ್ಲಿ ಏನೇನು ಓದಿ ಆಗಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಹಿಡಿದು ಉಳಿದದ್ದಕ್ಕೆ ಮಾತ್ರ ಕೈಹಾಕಿದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಗಿಯಿತು. ಓದಲಾಗದೆ ಉಳಿದದ್ದು ಕೆಲವು ನೂರು ಕೆಬಿ ಅಷ್ಟೇ. ಎಸ್‌ಎಸ್‌ಡಿ ಕೊಳ್ಳುವಾಗ ಒಂದು ಎಚ್ಚರ ಬೇಕು: 480 ಜಿಬಿಯದು ಅಗ್ಗಕ್ಕೆ ಸಿಗುತ್ತದೆ, ಆದರೆ 500 ಜಿಬಿ ಹಾರ್ಡ್ ಡಿಸ್ಕ್‌ನ ಪೂರ್ತಿ ಪ್ರತಿ ಅದರಲ್ಲಿ ಕೂರುವುದಿಲ್ಲ. 500 ಎಂದು ಬರೆದಿರುವುದನ್ನೇ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದಕ್ಕೆ ಮೂರು ಸಾವಿರದೊಳಗೆ ಬಿದ್ದಿತು.

ಪ್ರತಿಯ ಮೇಲೆ ಚೆಕ್‌ಡಿಸ್ಕ್ ಮುಗಿಸಿ, ಅದೇ ಬಿಲ್ಡ್‌ನ ಇನ್‌ಸ್ಟಾಲೇಶನ್ ಪೆನ್‌ಡ್ರೈವ್‌ನಿಂದ ಕಮಾಂಡ್ ಪ್ರಾಂಪ್ಟ್‌ಗೆ ಹೋದೆ. ಅಲ್ಲಿ ಸಿ ಡ್ರೈವ್ ಸಿ ಆಗಿಯೇ ಇರಬೇಕೆಂದಿಲ್ಲ. ನನಗೆ ಅದು ಡಿ ಆಗಿ ಕಾಣಿಸಿತು. ಗೆಳೆಯರೊಬ್ಬರು ರಿಜಿಸ್ಟ್ರಿಯನ್ನು (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜ) ಅದರ ಬ್ಯಾಕಪ್ ಇರುವ ರೆಗ್‌ಬ್ಯಾಕ್ ಫೋಲ್ಡರ್‌ನಿಂದ ಮರಳಿ ಹಾಕಿ ಎಂದರು. ವಿಂಡೋಸ್ 7ರ ಕಾಲದಲ್ಲಿ ಈ ಉಪಾಯಕ್ಕೆ ಎಣೆಯಿರಲಿಲ್ಲ. ಆದರೆ ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಆ ಬ್ಯಾಕಪ್ ತಾನಾಗಿ ಆಗುವುದೇ ಇಲ್ಲ. ಫೋಲ್ಡರ್ ತೆರೆದು ನೋಡಿದರೆ ಹೆಸರುಗಳೆಲ್ಲ ಇವೆ, ಗಾತ್ರ ಮಾತ್ರ ಸೊನ್ನೆ. ನೋಡದೆ ಅವನ್ನು ನಕಲಿಸಿದರೆ ಇದ್ದ ರಿಜಿಸ್ಟ್ರಿಯೂ ಮಣ್ಣುಪಾಲು. ಮತ್ತೊಬ್ಬರು ಬೂಟ್ ಸರಿಪಡಿಸುವ ಬೂಟ್‌ರೆಕ್‌ನ ಫಿಕ್ಸ್‌ಬೂಟ್ ಕಮಾಂಡ್ ಎಂದರು. ಅದು ‘ಆಕ್ಸೆಸ್ ಈಸ್ ಡಿನೈಡ್’ ಎಂದಿತು, ಎಂದಿನಂತೆ. ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್‌ಗೆ ಡ್ರೈವ್ ಅಕ್ಷರ ಕೊಟ್ಟು, ಆ ಫೈಲುಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಓಡಿಸಿದೆ. ಬೂಟ್ ಫೈಲುಗಳು ಹೊಸದಾದವು, ನೀಲಿ ಪರದೆ ಹಾಗೆಯೇ ಉಳಿಯಿತು. ರೋಗ ಬೂಟ್‌ನಲ್ಲಿಲ್ಲ, ಅರ್ಧಕ್ಕೆ ನಿಂತ ಅಪ್‌ಡೇಟ್‌ನಲ್ಲಿದೆ ಎಂಬ ನನ್ನ ಅನುಮಾನ ಅಲ್ಲಿಗೆ ಗಟ್ಟಿಯಾಯಿತು.

ಹೆಚ್ಚಿನವರು ಕೈಬಿಡುವುದು ಇದರ ಮುಂದಿನ ಹಂತದಲ್ಲಿ. ವಿಂಡೋಸ್‌ನ ಅಪ್‌ಡೇಟ್ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಡಿಸ್ಮ್ ಉಪಕರಣಕ್ಕೆ ‘ರಿವರ್ಟ್ ಪೆಂಡಿಂಗ್ ಆಕ್ಷನ್ಸ್’ (ಬಾಕಿ ಕೆಲಸ ಹಿಂತೆಗೆ) ಕೊಟ್ಟರೆ ಯಶಸ್ವಿ ಎನ್ನುತ್ತದೆ. ಆದರೆ ಪರದೆಯ ಮೇಲಿನ ಸಾಲನ್ನು ಪೂರ್ತಿ ಓದಿ: ಹಿಂತೆಗೆಯುವ ಕೆಲಸವನ್ನು ರೀಬೂಟ್ ಆದ ಮೇಲೆ ಪ್ರಯತ್ನಿಸಲಾಗುತ್ತದೆ ಎಂದಿರುತ್ತದೆ. ಬೂಟೇ ಆಗದ ಯಂತ್ರಕ್ಕೆ ಆ ಭರವಸೆಯಿಂದ ಏನೂ ಪ್ರಯೋಜನವಿಲ್ಲ. ನನಗೂ ಮತ್ತೆ ನೀಲಿ ಪರದೆಯೇ ಬಂತು. ಫಾರ್ಮ್ಯಾಟ್ ಹೊಡೆಯಿರಿ ಎಂದವರೆಲ್ಲ ಇಲ್ಲಿಯವರೆಗೆ ಬಂದು ಹಿಂದಿರುಗಿದವರು.

ನಾನು ಡಿಸ್ಮ್‌ನಿಂದಲೇ ಪ್ಯಾಕೇಜುಗಳ ಪಟ್ಟಿ ತೆಗೆದೆ. ನೂರಾರು ಸಾಲುಗಳ ನಡುವೆ ನಾಲ್ಕೈದರ ಮುಂದೆ ಮಾತ್ರ ‘ಇನ್‌ಸ್ಟಾಲ್ ಪೆಂಡಿಂಗ್’ ಎಂದಿತ್ತು. ಅವೇ ಗಂಟಲಲ್ಲಿ ಸಿಕ್ಕಿಕೊಂಡವು. ಒಂದೊಂದನ್ನೇ ‘ರಿಮೂವ್ ಪ್ಯಾಕೇಜ್’ ಹಾಕಿ ತೆಗೆಯಬೇಕು. ಪೆನ್‌ಡ್ರೈವ್‌ನಿಂದ ಎದ್ದ ಪರಿಸರದಲ್ಲಿ ತಾತ್ಕಾಲಿಕ ಜಾಗ ತೀರ ಕಡಿಮೆ, ಆದ್ದರಿಂದ ಡಿಸ್ಕ್‌ನಲ್ಲೇ ಒಂದು ಸ್ಕ್ರ್ಯಾಚ್ ಫೋಲ್ಡರ್ ಮಾಡಿ ತೋರಿಸಲೇಬೇಕು. ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ, ಕಾರಣವನ್ನೂ ಸರಿಯಾಗಿ ಹೇಳುವುದಿಲ್ಲ. ಹೀಗೆ ಮಾಡಿದರೂ ಮೊದಲಿಗೆ ಪ್ಯಾಕೇಜುಗಳು ಅಲುಗಾಡಲಿಲ್ಲ. ಸತ್ತ ಯಂತ್ರದ ರಿಜಿಸ್ಟ್ರಿಯ ಒಂದು ಭಾಗವಾದ ಸಾಫ್ಟ್‌ವೇರ್ ಹೈವ್ ಅನ್ನು, ರಿಜಿಸ್ಟ್ರಿ ತಿದ್ದುವ ರೆಜೆಡಿಟ್‌ನಲ್ಲಿ ಲೋಡ್ ಮಾಡಿ ಎರಡು ಕಡೆ ಕೈಯಾಡಿಸಿದ ಮೇಲೆ ದಾರಿ ಬಿಟ್ಟವು. ಆ ಎರಡು ಜಾಗ ಯಾವುವು ಎಂದು ಬರೆಯುವುದಿಲ್ಲ. ತಿಂಗಳುಗಟ್ಟಲೆ ಹಳೆಯ ಡಿಸ್ಕ್‌ಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದು ಅದು, ನನ್ನ ಅನ್ನ. ಕಾಂಪೊನೆಂಟ್ ಬೇಸ್ಡ್ ಸರ್ವಿಸಿಂಗ್ ಕೀ ಕೆಳಗೆ ತಾಳ್ಮೆಯಿಂದ ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ.

ಕೊನೆಯ ಪ್ಯಾಕೇಜ್ ಹೋದ ಮೇಲೆ ರೀಸ್ಟಾರ್ಟ್ ಕೊಟ್ಟೆ. ಚುಕ್ಕಿಗಳು ಬಹಳ ಹೊತ್ತು ಸುತ್ತಿದವು, ಲಾಗಿನ್ ಪರದೆ ಬಂತು. ಪೇಜ್‌ಮೇಕರ್ ತೆರೆದು ಒಂದು ಹಳೆಯ ಲಗ್ನಪತ್ರಿಕೆ ಎಳೆದುಕೊಂಡೆ. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಲೈಸೆನ್ಸ್ ಏನನ್ನೂ ಕೇಳಲಿಲ್ಲ.

ಆಮೇಲೆ ರಿಕವರಿ ಪಾರ್ಟಿಷನ್ (ವಿಂಡೋಸ್ ಏಳದಾಗ ರಿಪೇರಿಗೆ ಬೇಕಾದದ್ದು ಇರುವ ಡಿಸ್ಕ್‌ನ ಭಾಗ) ಕಡೆ ನೋಡಿದೆ. 2024ರ ಜನವರಿಯ ಅಪ್‌ಡೇಟ್ ಎಷ್ಟೋ ಯಂತ್ರಗಳಲ್ಲಿ 0ಎಕ್ಸ್80070643 ಎಂಬ ದೋಷ ತೋರಿಸಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಇರಲಿಲ್ಲ, ಅಷ್ಟೇ. ಇಲ್ಲೂ ಅದೇ ಕಥೆ. ರೀಏಜೆಂಟ್‌ಸಿ ಕಮಾಂಡ್‌ನಿಂದ ರಿಕವರಿಯನ್ನು ನಿಲ್ಲಿಸಿ, ಸಿ ಡ್ರೈವ್ ಕುಗ್ಗಿಸಿ, ರಿಕವರಿ ಪಾರ್ಟಿಷನ್ ಅನ್ನು ಒಂದು ಜಿಬಿಯಷ್ಟು ದೊಡ್ಡದಾಗಿ ಮತ್ತೆ ಮಾಡಿ ಚಾಲೂ ಮಾಡಿದೆ. ಈಗ ನನ್ನ ಕೈಗೆ ಬರುವ ಎಲ್ಲ ಯಂತ್ರಗಳಿಗೂ ಇದನ್ನು ಮಾಡಿಯೇ ಕಳಿಸುತ್ತೇನೆ, ಇದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ರಿಕವರಿ ಪರಿಸರದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅಂಗಡಿಯಲ್ಲಿ ದುಂಡು ಪಿನ್ನಿನ ಹಳೆಯ ಪಿಎಸ್/2 ಕೀಬೋರ್ಡ್ ಒಂದನ್ನು ಗುಜರಿಗೆ ಹಾಕದೆ ಇಟ್ಟಿದ್ದೆ. 2025ರ ಅಕ್ಟೋಬರ್ ಅಪ್‌ಡೇಟ್ ಬಂದಾಗ ವಿಂಡೋಸ್ 11ರ ರಿಕವರಿಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತವು. ಅಕ್ಟೋಬರ್ 20ರಂದು ಮೈಕ್ರೋಸಾಫ್ಟ್ ತುರ್ತು ತಿದ್ದುಪಡಿ ಬಿಡುವವರೆಗೆ ಆ ಹಳೆಯ ಕೀಬೋರ್ಡ್‌ನಿಂದಲೇ ಕೆಲಸ ನಡೆಸಿದೆ.

ಹಣದ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಫಾರ್ಮ್ಯಾಟ್‌ಗೆ ಐನೂರು, ಆರುನೂರು. ನಾನು ಎಸ್‌ಎಸ್‌ಡಿ ಬಿಟ್ಟು ಮೂರೂವರೆ ಸಾವಿರ ಕೇಳಿದೆ. ಯಜಮಾನರು ಚೌಕಾಸಿ ಮಾಡಲಿಲ್ಲ, ಮೇಲೆ ನನ್ನ ಅಂಗಡಿಯ ಬಿಲ್ ಪುಸ್ತಕವನ್ನು ಪುಕ್ಕಟೆ ಮುದ್ರಿಸಿಕೊಟ್ಟರು. ಅಂದಿನಿಂದ ಇಂತಹ ಕೆಲಸಕ್ಕೆ ಇದೇ ದರ, ಎದ್ದರೆ ಮಾತ್ರ ದುಡ್ಡು.

ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ವಿಂಡೋಸ್‌ನ ಬೀಗ) ಇರುವ ಲ್ಯಾಪ್‌ಟಾಪ್ ಬಂದರೆ ಮಾತ್ರ ಮೊದಲು 48 ಅಂಕಿಯ ಕೀ ಕೇಳುತ್ತೇನೆ. ಹೆಚ್ಚಿನವರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರುವುದಿಲ್ಲ, ಅವರನ್ನು ಅಲ್ಲೇ ಕೂರಿಸಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿಸುತ್ತೇನೆ. ಅಲ್ಲೂ ಸಿಗದಿದ್ದರೆ ಸ್ಕ್ರೂ ಬಿಚ್ಚದೆ ಯಂತ್ರವನ್ನು ವಾಪಸ್ ಕೊಡುತ್ತೇನೆ.