ಅಪ್‌ಗ್ರೇಡ್ ನಂತರ ನಿಂತ ಬ್ಯಾಕಪ್ ಮತ್ತೆ ಶುರುವಾಗಿದ್ದು ಹೀಗೆ

ಲಿನಕ್ಸ್ ಅಪ್‌ಗ್ರೇಡ್ ಆದ ಮೇಲೆ ರಾತ್ರಿ ತಾನಾಗೇ ನಡೆಯುತ್ತಿದ್ದ ಬ್ಯಾಕಪ್ ನಿಂತುಹೋಯಿತು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಸ್ಕ್ರಿಪ್ಟ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಳೆಯ ನೆಟ್‌ವರ್ಕ್ ಡ್ರೈವ್ ಪಿಂಗ್‌ಗೆ ಉತ್ತರ ಕೊಡುತ್ತಿತ್ತು, ಜಾಗವೂ ಬೇಕಾದಷ್ಟಿತ್ತು.

ಮೇಲ್ ಸೆಟ್ ಮಾಡಿರದಿದ್ದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗೇ ನಡೆಸುವ ಕ್ರಾನ್‌ನಲ್ಲಿ ಏನು ಕೈಕೊಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಟರ್ಮಿನಲ್‌ನಿಂದ ಡ್ರೈವ್‌ಗೆ ನೇರವಾಗಿ ಎಸ್‌ಎಸ್‌ಎಚ್ ಮಾಡಿ ನೋಡಿದೆ. ಉತ್ತರ ಕೊನೆಯ ಸಾಲಲ್ಲೇ ಇತ್ತು: ಹೊಂದುವ ಹೋಸ್ಟ್ ಕೀ (ಯಂತ್ರ ತನ್ನ ಗುರುತು ತೋರಿಸುವ ಕೀ) ಸಿಗಲಿಲ್ಲ, ಆ ಕಡೆಯಿಂದ ಬರುತ್ತಿರುವುದು ಎಸ್‌ಎಸ್‌ಎಚ್-ಆರ್‌ಎಸ್‌ಎ ಮಾತ್ರ.

ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. 2021ರಲ್ಲಿ ಬಂದ ಅದರ 8.8ರಿಂದ ಈಚೆಗೆ, ಶಾ-1 ಎಂಬ ಹಳೆಯ ಹ್ಯಾಶ್ ಲೆಕ್ಕ ಬಳಸುವ ಆರ್‌ಎಸ್‌ಎ ಸಹಿಗಳನ್ನು, ಅಂದರೆ ಈ ಎಸ್‌ಎಸ್‌ಎಚ್-ಆರ್‌ಎಸ್‌ಎ ವಿಧಾನವನ್ನು, ಅದು ತಾನಾಗಿ ಒಪ್ಪುವುದಿಲ್ಲ. ಶಾ-1 ಈಗ ಅಷ್ಟು ದುರ್ಬಲ, ಆ ನಿರ್ಧಾರ ಸರಿಯಾಗಿಯೇ ಇದೆ. ಆದರೆ ಆರ್‌ಎಸ್‌ಎ ಕೀಗಳನ್ನೆಲ್ಲ ಎಸೆಯಬೇಕಿಲ್ಲ. ತೊಂದರೆ ಇರುವುದು ಹಳೆಯ ಸಹಿ ವಿಧಾನದಲ್ಲಿ.

ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಆ ಡ್ರೈವ್‌ಗೆ ಮಾತ್ರ ಒಂದು ಹೋಸ್ಟ್ ಭಾಗ ಬರೆದೆ. ಅದರಲ್ಲಿ 'ಹೋಸ್ಟ್‌ಕೀಅಲ್ಗಾರಿದಮ್ಸ್', 'ಪಬ್‌ಕೀಅಕ್ಸೆಪ್ಟೆಡ್‌ಅಲ್ಗಾರಿದಮ್ಸ್' ಎರಡಕ್ಕೂ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿದೆ, ಮುಂದೆ ಪ್ಲಸ್ ಗುರುತು ಹಾಕಿ. ಪ್ಲಸ್ ಬಿಟ್ಟರೆ ಉಳಿದ ವಿಧಾನಗಳೆಲ್ಲ ಹೊರಗೆ ಹೋಗುತ್ತವೆ. ಹೋಸ್ಟ್ ಹೆಸರಿನ ಜಾಗದಲ್ಲಿ ಸುಮ್ನೆ ನಕ್ಷತ್ರ ಹಾಕಿ ಎಲ್ಲದಕ್ಕೂ ಬಾಗಿಲು ತೆರೆಯಬೇಡಿ. ಒಂದು ಹಳೆಯ ಡ್ರೈವ್‌ಗೋಸ್ಕರ ಉಳಿದ ಸರ್ವರ್‌ಗಳ ಭದ್ರತೆ ಯಾಕೆ ಇಳಿಸಬೇಕು, ಅಲ್ವಾ?

ಬ್ಯಾಕಪ್ ಓಡಿತು. ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ, ಫೋಟೋಗಳನ್ನು ತೆರೆದು ನೋಡಿದೆ. ಸರಿಯಾಗಿದ್ದವು. ಡ್ರೈವ್‌ಗೆ ಹೊಸ ಫರ್ಮ್‌ವೇರ್ ಸಿಕ್ಕಿ, ಅದು ಇಡಿ25519 ಎಂಬ ಹೊಸ ಬಗೆಯ ಕೀ ಕೊಡತೊಡಗಿದ ದಿನ ಆ ಸಾಲುಗಳನ್ನು ಅಳಿಸುತ್ತೇನೆ.